ಗುಲಗಂಜಿಯಷ್ಟು ಸಾಕು

ನೋಡು ಮಗಳೇ, ನಂಜನಗೂಡಿನ ದೊಡ್ಡ ಜಾತ್ರೆಗೆ ಕೂಸನ್ನು ಕರೆದುಕೊಂಡು ಹೋಗು, ಬೇಡವೆನ್ನುವುದಿಲ್ಲ. ಐದು ತೇರನ್ನೂ ತೋರಿಸು. ಆದರೆ ಕಡ್ಲೆಪುರಿ ಪೊಟ್ಟಣ ಅದರ ಕೈಗೆ ಸಿಗದಿರಲಿ. ನೆಂಟರು ಪ್ರೀತಿಯಿಂದ ಎರಡು ಕಾಳು ಬಾಯಿಗೆ ಹಾಕಲು ಬಂದರೆ ದಾಕ್ಷಿಣ್ಯ ಬಿಟ್ಟು ತಡೆ.

ನಂಜುಂಡ ವಿಷವನ್ನು ಗಂಟಲಲ್ಲೇ ತಡೆದವನು. ನಮ್ಮ ಗಂಟಲಲ್ಲೂ ಒಂದು ತಡೆ ಇದೆ. ಹಿಂದೆ ಅನ್ನನಾಳ, ಮುಂದೆ ಶ್ವಾಸನಾಳ. ನುಂಗುವಾಗ ಧ್ವನಿಪೆಟ್ಟಿಗೆ ಮೇಲೇಳುತ್ತದೆ, ಪುಟ್ಟ ಮುಚ್ಚಳವೊಂದು ಉಸಿರಿನ ದಾರಿಯ ಮೇಲೆ ಬಾಗುತ್ತದೆ, ಆ ಗಳಿಗೆ ಉಸಿರೂ ನಿಂತಿರುತ್ತದೆ. ಅಳುವ ಕೂಸು ಬಿಕ್ಕುತ್ತಾ ಗಾಳಿ ಎಳೆದುಕೊಳ್ಳುವಾಗ ಬಾಯಲ್ಲಿದ್ದದ್ದೂ ಒಳಗೆ ಹೋದೀತು. ಅಳುವ ಬಾಯಿಗೆ ತುತ್ತು ತುರುಕುವ ನಮ್ಮ ಮನೆಗಳ ಅಭ್ಯಾಸ ನನಗೆ ಹಿಡಿಸದು.

ದೊಡ್ಡವರ ಶ್ವಾಸನಾಳ ಸುಮಾರು 2 ಸೆಂಟಿಮೀಟರ್ ಅಗಲ. 16ರಿಂದ 20 ಮೃದ್ವಸ್ಥಿಯ ಉಂಗುರಗಳು ಅದನ್ನು ಕುಸಿಯದಂತೆ ಹಿಡಿದಿರುತ್ತವೆ. ಕೂಸಿನದು ಒಂದು ಸೆಂಟಿಮೀಟರೂ ಇಲ್ಲ. ತಿ. ನರಸೀಪುರದ ಗುಂಜಾನರಸಿಂಹನ ಕೈಯಲ್ಲಿರುವ ಗುಲಗಂಜಿ ನೋಡಿದ್ದೀಯಲ್ಲ, ಕಾಶಿಗಿಂತ ಆ ಕ್ಷೇತ್ರ ಅಷ್ಟು ತೂಕ ಹೆಚ್ಚು ಎನ್ನುತ್ತಾರೆ. ಅಷ್ಟೇ ದಪ್ಪದ ಹುರಿಗಡಲೆ ಕೂಸಿನ ಉಸಿರು ಕಟ್ಟಿಸಲು ಸಾಕು.

ಗಂಟಲಿಗೆ ಸಿಕ್ಕಿ ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡು. ಕೆಮ್ಮಿಗಿರುವ ಬಲ ನಮ್ಮ ಕೈಗಿಲ್ಲ. ನೀರು ಕುಡಿಸಬೇಡ, ಕಣ್ಣಿಗೆ ಕಾಣದ್ದನ್ನು ಬೆರಳು ಹಾಕಿ ತಡಕಬೇಡ. ದನಿಯೇ ಹೊರಡದೆ ತುಟಿ ನೀಲಿಗಟ್ಟಿತೋ, 108ಕ್ಕೆ ಫೋನ್ ಮಾಡಲು ಪಕ್ಕದವರಿಗೆ ಹೇಳಿ, ಕೂಸನ್ನು ಮುಂಗೈ ಮೇಲೆ ಬೋರಲು ಮಲಗಿಸಿ ತಲೆ ತಗ್ಗಿಸಿ ಹಿಡಿ. ಬೆನ್ನ ಮೇಲೆ, ಎರಡು ಹೆಗಲ ಮೂಳೆಗಳ ನಡುವೆ, ಅಂಗೈ ಬುಡದಿಂದ 5 ಸಲ ಗುದ್ದು. ಬರಲಿಲ್ಲವೇ, ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತು. ಹೊರಬೀಳುವ ತನಕ ಹೀಗೇ ಮಾಡು. ಹೊಟ್ಟೆ ಒತ್ತುವ ಕ್ರಮ ವರ್ಷ ತುಂಬಿದವರಿಗೆ ಮಾತ್ರ, ಕೂಸಿಗೆ ಬೇಡ.

ಕೆಮ್ಮು ನಿಂತಿತೆಂದು ಸುಮ್ಮನಾಗಬೇಡ. ಕಾಳು ಕೆಳಗಿಳಿದು ಶ್ವಾಸನಾಳದ ಬಲಗಡೆಯ ಕವಲಲ್ಲಿ ಕೂತಿರಬಹುದು, ಏಕೆಂದರೆ ಆ ಕವಲು ಎಡದ್ದಕ್ಕಿಂತ ಅಗಲ, ನೆಟ್ಟಗೆ. ಕಡ್ಲೆಬೀಜವಾದರೆ ಅಲ್ಲೇ ತೇವ ಹೀರಿ ಊದುತ್ತದೆ. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಜೆಎಸ್‌ಎಸ್ ಆಸ್ಪತ್ರೆಗೋ ಹೋದಾಗ, ಕೂಸು ಏನು ತಿನ್ನುತ್ತಿತ್ತು ಎಂಬುದನ್ನೇ ಡಾಕ್ಟರಿಗೆ ಮೊದಲು ಹೇಳು. ಕಡ್ಲೆಬೀಜ ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ.