ಏಕಶಿಲೆಯ ಮೇಲೆ ಒಂದು ಹಗಲು

ಬಂಡೆಯ ಶಿಖರಗಳನ್ನೇರುವ ಸಾಹಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ಆಲ್ಪ್ಸ್ ಪರ್ವತಗಳಿಗೋ ಹಿಮಾಲಯಕ್ಕೋ ಹಾರುತ್ತದೆ. ತುಮಕೂರು ಜಿಲ್ಲೆಯವರು ಅಷ್ಟು ದೂರ ಹೋಗಬೇಕಾಗಿಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ಸುತ್ತಮುತ್ತ ತೆಂಗು ಅಡಕೆಯ ತೋಟಗಳೂ ರಾಗಿಯ ಹೊಲಗಳೂ ಹೆಸರಾಂತ ಹಲಸಿನ ಮರಗಳೂ ಕಾಣುವ ಸೌಮ್ಯವಾದ ಬಯಲು ಹರಡಿದೆ. ಅಲ್ಲಿಂದ ಈಶಾನ್ಯಕ್ಕೆ, ಕೊರಟಗೆರೆ ಮಧುಗಿರಿಗಳ ಕಡೆಗೆ ಸಾಗಿದಂತೆ ಭೂಮಿಯ ಮುಖವೇ ಬದಲಾಗುತ್ತದೆ. ಮಣ್ಣು ಸರಿದು ಬೆತ್ತಲೆ ಬಂಡೆಗಳು ತಲೆಯೆತ್ತುತ್ತವೆ. ಅವುಗಳಲ್ಲೆಲ್ಲ ಗಂಭೀರವಾದುದು ಮಧುಗಿರಿಯ ಬೆಟ್ಟ. ಸಮುದ್ರಮಟ್ಟದಿಂದ ಅದರ ನೆತ್ತಿ ಸುಮಾರು 1,190 ಮೀಟರ್ ಎತ್ತರದಲ್ಲಿದೆ. ಊರು ಸುಮಾರು 790 ಮೀಟರ್ ಎತ್ತರದಲ್ಲಿದೆ. ಹತ್ತುವವನ ಪಾಲಿಗೆ ಉಳಿಯುವುದು ನಾನೂರು ಮೀಟರ್ ಮಾತ್ರ. ಆಲ್ಪ್ಸ್‌ನವರು ಕೇಳಿದರೆ ನಕ್ಕಾರು. ಆದರೂ ಈ ನಾನೂರು ಮೀಟರ್ ಗಟ್ಟಿಮುಟ್ಟಾದ ತರುಣರನ್ನೂ ಅರ್ಧದಾರಿಯಲ್ಲಿ ಕುಳ್ಳಿರಿಸುತ್ತದೆ. ಅದೇಕೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಮೊದಲು ಬಂಡೆಯ ವಿಷಯ. ಚೇಳೂರಿನ ಕಡೆಯ ನೆಲದಡಿಯಲ್ಲಿ ಹೆಚ್ಚಾಗಿರುವುದು ನೈಸ್ ಎಂಬ ಪಟ್ಟೆಪಟ್ಟೆಯಾದ ಪುರಾತನ ಶಿಲೆ. ಆ ಶಿಲೆಯನ್ನು ಸೀಳಿಕೊಂಡು, ಉತ್ತರ ದಕ್ಷಿಣವಾಗಿ ಸುಮಾರು ನಾನೂರು ಕಿಲೋಮೀಟರ್ ಉದ್ದಕ್ಕೆ ಗ್ರ್ಯಾನೈಟ್ ಶಿಲೆಯ ಪಟ್ಟಿಯೊಂದು ಕರ್ನಾಟಕದಲ್ಲಿ ಹಾದುಹೋಗಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರ್ಯಾನೈಟ್ ಎಂದು ಕರೆದರು. ರಾಮನಗರದ ಬಂಡೆಗಳು, ಸಾವನದುರ್ಗ, ಮಧುಗಿರಿ, ಎಲ್ಲವೂ ಈ ಒಂದೇ ಪಟ್ಟಿಯ ಮಕ್ಕಳು. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಆಗ ಭೂಮಿಯ ಮೇಲೆ ಮರವಿರಲಿಲ್ಲ, ಮೀನಿರಲಿಲ್ಲ. ಜೀವವೆಂದರೆ ಸೂಕ್ಷ್ಮಾಣುಗಳು ಮಾತ್ರ.

ಕಲ್ಲಿನ ಚೂರೊಂದನ್ನು ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರೆ ಮೂರು ಬಗೆಯ ಹರಳುಗಳು ಕಾಣುತ್ತವೆ: ಗಾಜಿನಂತಿರುವ ಬೆಣಚು, ನಸುಗೆಂಪು ಅಥವಾ ಬಿಳಿಯ ಫೆಲ್ಡ್‌ಸ್ಪಾರ್, ಮಿನುಗುವ ಕಪ್ಪು ಅಭ್ರಕ. ಹರಳುಗಳು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿವೆಯೆಂಬುದೇ ಒಂದು ಸಾಕ್ಷ್ಯ. ಕರಗಿದ ಶಿಲಾದ್ರವವು ನೆಲದ ಮೇಲೆ ಹರಿದು ಬೇಗ ತಣಿದಿದ್ದರೆ ಹರಳುಗಳು ಬೆಳೆಯಲು ಕಾಲವೇ ಇರುತ್ತಿರಲಿಲ್ಲ. ಈ ಶಿಲೆಯು ನೆಲದಿಂದ ಹಲವು ಕಿಲೋಮೀಟರ್ ಆಳದಲ್ಲಿ, ಅಪಾರವಾದ ಭಾರದಡಿಯಲ್ಲಿ, ಬಹು ನಿಧಾನವಾಗಿ ಘನೀಭವಿಸಿತು. ಹಾಗಾದರೆ ಇಂದು ನಾವು ತುಳಿಯುವ ನೆತ್ತಿಯ ಮೇಲೆ ಒಮ್ಮೆ ಕಿಲೋಮೀಟರುಗಟ್ಟಲೆ ಕಲ್ಲಿತ್ತು. ಗಾಳಿಮಳೆಗಳು ಅದನ್ನೆಲ್ಲ ಒಯ್ದುಬಿಟ್ಟಿವೆ.

ಬೆಟ್ಟದ ದುಂಡುಮೈಗೆ ಕಾರಣವೂ ಇಲ್ಲಿಯೇ ಸಿಕ್ಕುತ್ತದೆ. ಮೇಲಿನ ಭಾರ ತೊಲಗಿದಂತೆ, ಒತ್ತಿಹಿಡಿದಿದ್ದ ಶಿಲೆಯು ಹಿಗ್ಗಿ, ಹೊರಮೈಗೆ ಸಮಾಂತರವಾಗಿ ಬಿರುಕು ಬಿಡುತ್ತದೆ. ಈರುಳ್ಳಿಯ ಪೊರೆಗಳಂತೆ ಚಪ್ಪಡಿಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ನಮ್ಮ ಕಲ್ಲುಕುಟಿಗರು ಯಾವ ಭೂವಿಜ್ಞಾನದ ಪುಸ್ತಕವನ್ನೂ ಓದದೆ ಈ ಗುಣವನ್ನು ಬಲ್ಲವರಾಗಿದ್ದರು. ಬಂಡೆಯ ಮೇಲೆ ಸೌದೆಯ ಉರಿಯನ್ನು ಹದವಾಗಿ ಹರಡಿ ಮೇಲ್ಪದರವನ್ನು ಕಾಯಿಸಿದರೆ, ಅದು ಹಿಗ್ಗಿ ಕೆಳಗಿನ ಕಲ್ಲಿನಿಂದ ಎದ್ದುಬರುತ್ತದೆ. ಬೆಂಗಳೂರಿನ ಸುತ್ತಿನ ಎಷ್ಟೋ ಹಳೆಯ ಚಪ್ಪಡಿಗಳು ಈ ರೀತಿಯಲ್ಲಿ ಎಬ್ಬಿಸಿದವು. ಸಂದುಗಳು ಹೆಚ್ಚಾಗಿದ್ದ ಸುತ್ತಲಿನ ಶಿಲೆಯೊಳಕ್ಕೆ ನೀರು ನುಗ್ಗಿ ಅದನ್ನು ಮಣ್ಣುಮಾಡಿತು; ಸಂದು ವಿರಳವಾಗಿದ್ದ ಭಾಗವು ಬೆಟ್ಟವಾಗಿ ಉಳಿಯಿತು. ಇದು ಏಷ್ಯದಲ್ಲಿ ಎರಡನೆಯ ದೊಡ್ಡ ಏಕಶಿಲೆಯೆಂದು ಎಲ್ಲರೂ ಹೇಳುತ್ತಾರೆ. ನಮಗೆ ಆ ಮಾತಿನಲ್ಲಿ ಅಷ್ಟು ರುಚಿಯಿಲ್ಲ. ಬಂಡೆಯು ನೆಲದ ಕೆಳಗೂ ಮುಂದುವರಿದಿರುವಾಗ ಎಲ್ಲಿಂದ ಎಲ್ಲಿಗೆ ಅಳೆಯುವುದು? ಮೊದಲನೆಯದೋ ಎರಡನೆಯದೋ, ನಮ್ಮ ಕಾಲಿನಡಿ ಸೀಳಿಲ್ಲದ ಕಲ್ಲಿದೆಯೆಂಬುದೇ ಸಾಕಷ್ಟು ದೊಡ್ಡ ಸಂಗತಿ.

ಸೀಳಿಲ್ಲದಿರುವುದೇ ಹತ್ತುವವನ ಕಷ್ಟಕ್ಕೂ ಮೂಲ. ಸೀಳಿದ್ದರೆ ಕಾಲೂರಲು ಸ್ಥಳ ಸಿಕ್ಕುತ್ತಿತ್ತು, ಕೈಗೆ ಗಿಡ ಸಿಕ್ಕುತ್ತಿತ್ತು. ಇಲ್ಲಿ ಕೆಳಭಾಗದ ಮೆಟ್ಟಿಲುಗಳು ಮುಗಿದ ಮೇಲೆ ಓರೆಯಾದ ಬೋಳು ಬಂಡೆ. ಹಿಂದಿನವರು ಅದರಲ್ಲಿ ಕೊರೆದ ಸಣ್ಣ ಸಣ್ಣ ಹೆಜ್ಜೆಗುಣಿಗಳು. ಕೆಲವೆಡೆ ಹಿಡಿದುಕೊಳ್ಳಲು ಕಂಬಿ. ಉಳಿದ ಕಡೆಯಲ್ಲೆಲ್ಲ ಮನುಷ್ಯನನ್ನು ಬೆಟ್ಟದ ಮೇಲೆ ನಿಲ್ಲಿಸಿರುವುದು ಪಾದರಕ್ಷೆಗೂ ಕಲ್ಲಿಗೂ ನಡುವಣ ಘರ್ಷಣೆಯೊಂದೇ.

ಇದನ್ನು ಬೆಟ್ಟಕ್ಕೆ ಹೋಗುವ ಮುನ್ನ ಮನೆಯಂಗಳದಲ್ಲಿಯೇ ಅಳೆಯಬಹುದು. ಇಬ್ಬರು ಎತ್ತಬಲ್ಲ ಚಪ್ಪಡಿಯ ಮೇಲೆ ನಿಮ್ಮ ಪಾದರಕ್ಷೆಯನ್ನಿಟ್ಟು, ಅದರೊಳಗೆ ಒಂದು ಕಲ್ಲನ್ನು ಇಡಿ. ಚಪ್ಪಡಿಯ ಒಂದು ಅಂಚನ್ನು ಮೆಲ್ಲಗೆ ಎತ್ತುತ್ತ ಹೋಗಿ. ಪಾದರಕ್ಷೆ ಜಾರಲಾರಂಭಿಸುವ ಕ್ಷಣದಲ್ಲಿ ಎತ್ತಿದ ಅಂಚಿನ ಎತ್ತರವನ್ನೂ, ಆ ಅಂಚಿನ ನೇರ ಕೆಳಗಿನಿಂದ ನೆಲದಲ್ಲಿರುವ ಅಂಚಿನವರೆಗಿನ ಅಡ್ಡದೂರವನ್ನೂ ಅಳೆಯಿರಿ. ಎತ್ತರವನ್ನು ಅಡ್ಡದೂರದಿಂದ ಭಾಗಿಸಿದರೆ ಬರುವುದೇ ಘರ್ಷಣಾಂಕ. ಅದು 0.7 ಆದರೆ 35 ಡಿಗ್ರಿಯವರೆಗಿನ ಇಳಿಜಾರು ನಿಮ್ಮನ್ನು ಹಿಡಿದಿಡುತ್ತದೆ, 0.58 ಆದರೆ 30 ಡಿಗ್ರಿಗೇ ಕೊನೆ. ಪಾದರಕ್ಷೆಯೊಳಗಿನ ಕಲ್ಲನ್ನು ಬದಲಿಸಿ ನೋಡಿ. ಭಾರ ಹೆಚ್ಚಾದರೂ ಕೋನ ಬಹುಮಟ್ಟಿಗೆ ಬದಲಾಗದು. ಕೆಳಕ್ಕೆಳೆಯುವ ಬಲವೂ ಒತ್ತುವ ಬಲವೂ ಒಟ್ಟಿಗೇ ಹೆಚ್ಚುವುದರಿಂದ, ದಪ್ಪನೆಯವನೂ ತೆಳ್ಳನೆಯವನೂ ಒಂದೇ ಇಳಿಜಾರಿನಲ್ಲಿ ಜಾರುತ್ತಾರೆ. ಬಳಿಕ ಚಪ್ಪಡಿಗೆ ನೀರು ಚಿಮುಕಿಸಿ, ಆಮೇಲೆ ಒಣ ಮರಳು ಉದುರಿಸಿ ಪ್ರಯೋಗವನ್ನು ಮತ್ತೆ ಮಾಡಿ. ಸಿಕ್ಕುವ ಅಂಕಿಗಳು ನಿಮ್ಮನ್ನು ಎಚ್ಚರಿಸದಿರವು.

ಬೆಟ್ಟದಲ್ಲಿ ಈ ಮರಳೂ ನೀರೂ ಎರಡೂ ಇವೆ. ಬಂಡೆಯ ಫೆಲ್ಡ್‌ಸ್ಪಾರ್ ಶಿಥಿಲವಾದಂತೆ ಬೆಣಚಿನ ಕಾಳುಗಳು ಬಿಡಿಬಿಡಿಯಾಗಿ ಇಳಿಜಾರಿನ ಮೇಲೆ ಕೂರುತ್ತವೆ. ಕಾಲಿನಡಿಯಲ್ಲಿ ಅವು ಗೋಲಿಗಳಂತೆ ಉರುಳುತ್ತವೆ. ಇನ್ನು ದೂರದಿಂದ ಬೆಟ್ಟವನ್ನು ನೋಡಿದವರಿಗೆಲ್ಲ ಪರಿಚಿತವಾದ ಆ ಕಪ್ಪು ಪಟ್ಟೆಗಳು! ಯಾರೋ ಮಸಿನೀರನ್ನು ಸುರಿದಂತೆ ನೆತ್ತಿಯಿಂದ ಕೆಳಕ್ಕೆ ಇಳಿದಿರುವ ಅವು ಬಣ್ಣವಲ್ಲ, ಜೀವಿಗಳು. ಮಳೆನೀರು ಹರಿಯುವ ಜಾಡಿನಲ್ಲಿ ನೀಲಿ-ಹಸಿರು ಪಾಚಿಯೂ ಕಲ್ಲುಹೂವೂ ನೆಲೆಸಿವೆ. ಬೇಸಿಗೆಯಲ್ಲಿ ಒಣಗಿ ಸತ್ತಂತೆ ಬಿದ್ದಿರುವ ಪಾಚಿಯು ನೀರು ಸೋಕಿದ ಸ್ವಲ್ಪ ಹೊತ್ತಿನಲ್ಲಿಯೇ ಉಬ್ಬಿ ಲೋಳೆಯಾಗುತ್ತದೆ. ಒಣಗಿದಾಗ ನಿರಪಾಯವಾಗಿ ನಡೆದುಹೋದ ಪಟ್ಟೆಯೇ ಒಂದು ಹನಿಮಳೆಯ ಬಳಿಕ ಸೋಪು ಹಚ್ಚಿದ ಕಲ್ಲಿನಂತಾಗುವುದು ಹೀಗೆ. ಅಮೆರಿಕದ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಶಿಖರವೂ ಪೊರೆಪೊರೆಯಾಗಿ ಕಳಚುವ ಗ್ರ್ಯಾನೈಟಿನದೇ, ನಮ್ಮದರ ಮುಂದೆ ವಯಸ್ಸಿನಲ್ಲಿ ಕೂಸು, ಹತ್ತು ಕೋಟಿ ವರ್ಷವೂ ಆಗಿಲ್ಲ. ಅಲ್ಲಿ 1919ರಲ್ಲಿ ಉಕ್ಕಿನ ಹಗ್ಗಗಳನ್ನು ಕಟ್ಟಿದರು. ಹಗ್ಗವಿದ್ದೂ ಅಲ್ಲಿ ಜನ ಜಾರಿ ಸತ್ತಿದ್ದಾರೆ. ಹೆಚ್ಚಿನ ಅಪಘಾತಗಳು ನಡೆದುದು ಬಂಡೆ ತೇವವಾಗಿದ್ದಾಗ. ಮಳೆಗಾಲದಲ್ಲಿ ಮಧುಗಿರಿಯ ಮೇಲ್ಭಾಗವನ್ನು ಹತ್ತಬಾರದೆಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಒಣ ಬಂಡೆಯ ಮೇಲೂ ನಿಲ್ಲುವ ಭಂಗಿಯಲ್ಲಿ ವಿಶೇಷವಿದೆ. ಹೆದರಿದವನು ಸಹಜವಾಗಿ ಮುಂದಕ್ಕೆ ಬಾಗಿ ಬಂಡೆಯನ್ನು ಅಪ್ಪಿಕೊಳ್ಳುತ್ತಾನೆ. ಆಗ ಕಲ್ಲನ್ನು ಒತ್ತುವ ಭಾರದಲ್ಲಿ ಒಂದು ಪಾಲು ಕೈಗಳಿಗೆ ಹೋಗುತ್ತದೆ. ನುಣುಪುಗಲ್ಲಿನ ಮೇಲೆ ಅಂಗೈಗಳು ಹಿಡಿಯುವುದೋ ಅತ್ಯಲ್ಪ. ಆದುದರಿಂದ ಕೆಳಕ್ಕೆಳೆಯುವ ಬಲವನ್ನು ಬಹುಪಾಲು ಪಾದಗಳೇ ಎದುರಿಸಬೇಕು, ಅದೂ ಕಡಿಮೆಯಾದ ಒತ್ತುವಿಕೆಯಿಂದ. ಭಯವೇ ಜಾರಿಸುತ್ತದೆ ಎನ್ನುವುದು ಇಲ್ಲಿ ಬರಿಯ ಮಾತಲ್ಲ, ಯಂತ್ರಶಾಸ್ತ್ರ. ನೆಟ್ಟಗೆ ನಿಂತು, ಇಡೀ ಅಟ್ಟೆಯನ್ನು ಕಲ್ಲಿಗೆ ತಾಗಿಸಿ, ಸಣ್ಣ ಹೆಜ್ಜೆಯಿಡುವುದೇ ಸರಿ. ಅಡ್ಡಡ್ಡವಾಗಿ, ಹಾವಿನ ಹರಿವಿನಂತೆ ನಡೆದರೆ ಉಸಿರಿಗೆ ಸುಲಭವೇನೋ ಹೌದು. ಜಾರುವ ಸಂಭವ ಮಾತ್ರ ಅದರಿಂದ ಕಡಿಮೆಯಾಗದು. ಬಂಡೆಯ ಇಳಿಜಾರು ಒಂದೇ, ನೀವು ಯಾವ ಕಡೆ ಮುಖ ಮಾಡಿದರೂ.

ಉಸಿರಿನ ಮಾತು ಬಂದಿತು. ಏದುಸಿರು ಬಂದೊಡನೆ "ಮೇಲೆ ಗಾಳಿ ತೆಳು" ಎನ್ನುವವರುಂಟು. ಮಧುಗಿರಿಯ ನೆತ್ತಿಯಲ್ಲಿ ವಾಯುಭಾರವು ಸಮುದ್ರಮಟ್ಟದ 87 ಪಾಲು, ಊರಿನಲ್ಲಿ 91 ಪಾಲು, ನೂರಕ್ಕೆ. ಈ ನಾಲ್ಕು ಪಾಲಿನ ವ್ಯತ್ಯಾಸ ಯಾರನ್ನೂ ಏದುಗೊಳಿಸದು. ಏದುಗೊಳಿಸುವುದು ಕೆಲಸ. ಮೂಟೆ ಸಹಿತ 60 ಕಿಲೋಗ್ರಾಂ ತೂಗುವ ವಿದ್ಯಾರ್ಥಿಯು 400 ಮೀಟರ್ ಏರಿದರೆ ಗುರುತ್ವದ ವಿರುದ್ಧ ಆಗುವ ಕೆಲಸ 60×9.8×400, ಅಂದರೆ ಸುಮಾರು 2,35,000 ಜೂಲ್, ಇಲ್ಲವೆ 56 ಕಿಲೋಕ್ಯಾಲರಿ. ಒಂದು ಹಿಡಿ ಕಡಲೆಕಾಯಿ ಬೀಜ ಇದಕ್ಕೆ ಸಾಕೆಂದು ತೋರೀತು. ಆದರೆ ನಮ್ಮ ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕನೆಯ ಒಂದು ಭಾಗ ಕೆಲಸವಾಗುತ್ತದೆ, ಉಳಿದುದು ಶಾಖ. ಹಾಗಾಗಿ ಖರ್ಚು ಕನಿಷ್ಠಪಕ್ಷ 225 ಕಿಲೋಕ್ಯಾಲರಿ. ಅದರಲ್ಲಿ ಸುಮಾರು 170 ಶಾಖವಾಗಿ ದೇಹದಲ್ಲಿಯೇ ಹುಟ್ಟುತ್ತದೆ. ಈ ಶಾಖ ಹೊರಹೋಗದೆ ಉಳಿದರೆ ದೇಹದ ಉಷ್ಣತೆ ಮೂರೂವರೆ ಡಿಗ್ರಿಗಿಂತ ಹೆಚ್ಚು ಏರಿ ನಲವತ್ತನ್ನು ದಾಟುತ್ತದೆ. ಅದು ಪ್ರಾಣಾಪಾಯದ ಎಲ್ಲೆ.

ಅಲ್ಲಿಗೆ ಹೋಗದಂತೆ ಕಾಯುವುದು ಬೆವರು. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿಯನ್ನು ಒಯ್ಯುತ್ತದೆ. ಲೆಕ್ಕಕ್ಕೆ ಲೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಸಾಕು. ಆದರೆ ಬೆವರು ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ತಂಪಿಲ್ಲ. ಮೇಲಾಗಿ ಬಿಸಿಲು ನೆತ್ತಿಯಿಂದಲೂ ಕಾದ ಬಂಡೆ ಕಾಲಿನಿಂದಲೂ ಶಾಖವನ್ನು ತುಂಬುತ್ತವೆ. ನಾನೂರು ಮೀಟರ್ ಏರಿದರೆ ಗಾಳಿ ಎರಡೂವರೆ ಡಿಗ್ರಿಯಷ್ಟು ತಣ್ಣಗಾಗುವುದುಂಟು. ಮಧ್ಯಾಹ್ನದ ಬೋಳು ಬಂಡೆಯ ಮೇಲೆ ಆ ತಂಪು ಲೆಕ್ಕಕ್ಕೇ ಬಾರದು. ಮಾರ್ಗದ ಬಹುಭಾಗದಲ್ಲಿ ಮರದ ನೆರಳಿಲ್ಲ, ಕುಡಿಯತಕ್ಕ ನೀರಿಲ್ಲ. ಬಂಡೆಯ ದೊಣೆಗಳಲ್ಲಿ ನಿಂತ ನೀರು ಕಪ್ಪೆಮರಿಗಳ ಅಧ್ಯಯನಕ್ಕೆ ಯೋಗ್ಯ, ಕುಡಿಯಲು ಅಲ್ಲ. ತಲೆಗೆ ಮೂರು ಲೀಟರ್ ನೀರು, ಉಪ್ಪು ಬೆರೆಸಿದ ಮಜ್ಜಿಗೆ, ಕಡಲೆಕಾಯಿ ಬೀಜ, ಬೆಲ್ಲ ಇವು ಇರಲೇಬೇಕು. ಬೆಳಕು ಹರಿಯುವಷ್ಟರಲ್ಲಿ ಬುಡದಲ್ಲಿದ್ದು, ಬಿಸಿಲು ಬಲಿಯುವ ಮೊದಲು ಇಳಿದುಬಿಡಬೇಕು. ಸಂಗಡಿಗನು ತಲೆಸುತ್ತು, ವಾಕರಿಕೆ ಎಂದರೆ ಅಥವಾ ಅಸಂಬದ್ಧವಾಗಿ ಮಾತಾಡತೊಡಗಿದರೆ, ಶಿಖರವು ನೂರು ಮಾರು ದೂರದಲ್ಲಿದ್ದರೂ ಅಲ್ಲಿಗೇ ನಿಲ್ಲಿಸಿ, ಗೋಡೆಯ ನೆರಳಿಗೆ ಕರೆದೊಯ್ದು, ಬಟ್ಟೆ ತೋಯಿಸಿ ಗಾಳಿ ಬೀಸಬೇಕು. ಮಾತು ತಡವರಿಸಿದವನನ್ನು ತಡಮಾಡದೆ ವೈದ್ಯರ ಬಳಿಗೆ ಸೇರಿಸಬೇಕು.

ನೆರಳನ್ನು ಕೊಡುವ ಗೋಡೆಗಳು ಕೋಟೆಯವು. ಇಳಿಜಾರಿನ ಮೇಲೆ ಹಂತಹಂತವಾಗಿ ಕಟ್ಟಿದ ಬಾಗಿಲುಗಳನ್ನು ದಾಟುವಾಗ, ದಾಳಿಯಿಟ್ಟ ಸೈನಿಕನ ಸ್ಥಿತಿಯನ್ನು ಊಹಿಸಬಹುದು: ಆಯುಧದ ಭಾರ, ಜಾರುವ ಕಲ್ಲು, ಮೇಲಿನಿಂದ ಉರುಳುವ ಗುಂಡು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯು ರಾಣಿ ವೀರಮ್ಮಾಜಿಯನ್ನು ಈ ದುರ್ಗದಲ್ಲಿಯೇ ಸೆರೆಯಿಟ್ಟನು. 1767ರಲ್ಲಿ ಮರಾಠರು ದುರ್ಗವನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ನೆತ್ತಿಯ ಮೇಲೆ ಗೋಪಾಲಕೃಷ್ಣನ ಪಾಳುಗುಡಿ ಉಳಿದಿದೆ. ಬೆಟ್ಟದ ಹೆಸರಿನಲ್ಲಿರುವ ಮಧುವಿಗೆ ಇಂಥ ಬಂಡೆಗಳ ಮರೆಯಲ್ಲಿ ಹಟ್ಟಿ ಕಟ್ಟುವ ಹೆಜ್ಜೇನು ಕಾರಣವೆನ್ನುತ್ತಾರೆ. ಹೊಗೆ ಹಾಕುವುದು, ಕಲ್ಲೆಸೆಯುವುದು, ಕೂಗಾಡುವುದು ಕೂಡದು. ಬಂಡೆಯ ಮೇಲೆ ಓಡಲು ಸ್ಥಳವಿಲ್ಲ.

ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ಸಿಡಿಲುಮಳೆ ಏಳುವ ಸಂಭವವುಂಟು. ಮಿಂಚು ಕಂಡು ಗುಡುಗು ಕೇಳುವವರೆಗಿನ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಮೂವತ್ತು ಸೆಕೆಂಡಿಗಿಂತ ಕಡಿಮೆಯಾದರೆ ಬೋಳು ನೆತ್ತಿಯ ಮೇಲೆ ನಿಲ್ಲತಕ್ಕದ್ದಲ್ಲ.

ಹತ್ತಿದುದಾಯಿತು, ಇನ್ನು ಇಳಿಯುವುದೇನು ಮಹಾ ಎಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಕಷ್ಟದ ಅರ್ಧ ಇದೇ. ಇಳಿಯುವವನು ನೀಟಾಗಿ ಚಾಚಿದ ಕಾಲನ್ನು ಮುಂದೆ ಊರುತ್ತಾನೆ. ಆಗ ದೇಹದ ಒತ್ತಡ ನೇರ ಕೆಳಕ್ಕೆ ಬೀಳದೆ ಮುಂದಕ್ಕೆ ಓರೆಯಾಗುತ್ತದೆ. ಇಳಿಜಾರು 30 ಡಿಗ್ರಿ, ಕಾಲಿನ ಓರೆ 10 ಡಿಗ್ರಿ ಇದ್ದರೆ ಪಾದವು 40 ಡಿಗ್ರಿಯ ಇಳಿಜಾರಿನಲ್ಲಿ ನಿಂತಂತೆಯೇ. ಬೆಳಿಗ್ಗೆ ಹಿಡಿದಿದ್ದ ಬಂಡೆ ಅದೇ ಪಾದರಕ್ಷೆಯನ್ನು ಈಗ ಬಿಟ್ಟುಕೊಡುವುದಕ್ಕೆ ಕಾರಣವಿದು. ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಗೇಣು ಗೇಣಿನ ಹೆಜ್ಜೆಯಿಟ್ಟು, ಶರೀರವನ್ನು ಪಾದದ ಮೇಲೆಯೇ ನಿಲ್ಲಿಸಬೇಕು. ಕಡಿದಾದಲ್ಲಿ ಬಂಡೆಗೆ ಮುಖಮಾಡಿ, ಗುಣಿಗಳನ್ನು ನೋಡಿಕೊಂಡು ಹಿಂದುಹಿಂದಾಗಿ ಇಳಿಯುವುದರಲ್ಲಿ ಅವಮಾನವೇನೂ ಇಲ್ಲ.

ಹತ್ತುವಾಗ ಗಳಿಸಿದ ಆ 56 ಕಿಲೋಕ್ಯಾಲರಿಯನ್ನು ಇಳಿಯುವಾಗ ತಡೆಹಿಡಿದು ಕಳೆಯಬೇಕಾದವು ತೊಡೆಯ ಮುಂಭಾಗದ ಸ್ನಾಯುಗಳು. ಸಾಮಾನ್ಯವಾಗಿ ಸ್ನಾಯು ಕುಗ್ಗುತ್ತ ಕೆಲಸ ಮಾಡುತ್ತದೆ. ಇಳಿಯುವಾಗಲಾದರೋ ಬಿಗಿದಿರುವಂತೆಯೇ ಹಿಗ್ಗಬೇಕಾಗುತ್ತದೆ. ಇಂಥ ಕೆಲಸದಲ್ಲಿ ಉಸಿರು ಏರುವುದಿಲ್ಲ, ಆದುದರಿಂದ ದಣಿವು ತಿಳಿಯುವುದಿಲ್ಲ. ಆದರೆ ಸ್ನಾಯುವಿನ ಸೂಕ್ಷ್ಮ ಎಳೆಗಳು ಅಲ್ಲಲ್ಲಿ ಹರಿಯುತ್ತವೆ, ಮಂಡಿ ತಾನಾಗಿ ನಡುಗತೊಡಗುತ್ತದೆ. ನಡುಕ ಕಂಡೊಡನೆ ಕುಳಿತು ವಿಶ್ರಮಿಸಬೇಕು. ತೊಡೆಯ ನೋವು ಅಂದೇ ಬಾರದು. ಮರುದಿನ ಆರಂಭವಾಗಿ, ಎರಡನೆಯ ಮೂರನೆಯ ದಿನಗಳಲ್ಲಿ ಮೆಟ್ಟಿಲಿಳಿಯಲೂ ಆಗದಷ್ಟು ಬಲಿತು, ವಾರದೊಳಗೆ ಮಾಯವಾಗುತ್ತದೆ. ಹರಿದ ಎಳೆಗಳ ಸ್ಥಾನದಲ್ಲಿ ಗಟ್ಟಿಯಾದವು ಕೂಡಿಕೊಂಡಿರುತ್ತವೆ. ಕೆಲವು ವಾರಗಳೊಳಗೆ ಅದೇ ಬೆಟ್ಟವನ್ನು ಮತ್ತೊಮ್ಮೆ ಹತ್ತಿ ಇಳಿದವರಿಗೆ ನೋವು ಮೊದಲಿನ ಅರ್ಧದಷ್ಟೂ ಇರುವುದಿಲ್ಲ.