ಆರರವರೆಗೆ ಏರಿ ಇಳಿದ ಸಂಖ್ಯೆ



ತಮ್ಮಾ, ನೀನು ಬೆಂಗಳೂರಿನ ನೌಕರಿಯತ್ತ ಮನಸ್ಸು ತಿರುಗಿಸಿರುವೆಯೆಂದು ನಿನ್ನ ತಾಯಿ ತಿಳಿಸಿದಾಗ ನನಗೆ ಖೇದವಾಗಲಿಲ್ಲ; ಸಂಖ್ಯೆಗಳ ಗುಣಧರ್ಮವನ್ನು ಯಂತ್ರವೇ ಕ್ಷಣಮಾತ್ರದಲ್ಲಿ ಹೇಳುವಾಗ ಗಣಿತವನ್ನೇಕೆ ಓದಬೇಕೆಂದು ನೀನಾಡಿದ ಮಾತು ಮಾತ್ರ ನನ್ನ ನಿದ್ರೆಯನ್ನು ಕೆಡಿಸಿತು.

ರಾಮದುರ್ಗದಲ್ಲಿ ನಮ್ಮ ತಂದೆಯವರು ಕುಣಿಮಗ್ಗದಲ್ಲಿ ಕುಳಿತು ಹಾಸಿನ ಎಳೆಗಳನ್ನೆಣಿಸುತ್ತಿದ್ದ ಆ ಕಾಲದಲ್ಲಿ ಎಣಿಕೆಯೆಂದರೆ ನಮಗೆ ರೊಟ್ಟಿಯ ಪ್ರಶ್ನೆಯಾಗಿತ್ತು. ಮುಂದೆ ನಿಮ್ಮೂರಾದ ಬೈಲಹೊಂಗಲದ ಅರಳೆಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತನಾಗಿ ಜಮಾಖರ್ಚು ಬರೆಯುತ್ತಿದ್ದಾಗ, ಸವದತ್ತಿಯ ವೃದ್ಧ ಶಿಕ್ಷಕರೊಬ್ಬರು, ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಹೊರತಂದ 'ಗಣಿತಸಾರಸಂಗ್ರಹ'ದ ಪ್ರತಿಯನ್ನು ನನ್ನ ಕೈಗಿತ್ತರು. ಸವದತ್ತಿಯ ರಟ್ಟರು ಯಾವ ರಾಷ್ಟ್ರಕೂಟರಿಗೆ ಸಾಮಂತರಾಗಿದ್ದರೋ ಆ ವಂಶದ ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ರಚಿಸಿದ ಆ ಗ್ರಂಥದಲ್ಲಿ 27994681ನ್ನು 441ರಿಂದ ಗುಣಿಸಿದರೆ 12345654321 ದೊರೆಯುವುದೆಂಬ ಲೆಕ್ಕವಿದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗುವ ಇಂತಹ ಗುಣಲಬ್ಧಗಳನ್ನು ಆತನು ಕಂಠಾಭರಣಗಳೆಂದು ಕರೆದಿದ್ದಾನೆ.

ಆ ಸಂಖ್ಯೆಯನ್ನು ನಾನು ಖಾತೆಯ ಹಿಂಬದಿಯಲ್ಲಿ ಒಡೆಯತೊಡಗಿದೆ. ಅದು 111111ರ ವರ್ಗ. 111111 ಎಂದರೆ 111 ಮತ್ತು 1001ರ ಗುಣಲಬ್ಧ. ಅವನ್ನೂ ಒಡೆದರೆ 3, 37, 7, 11, 13 ಎಂಬ ಐದು ಅವಿಭಾಜ್ಯಗಳು. ಆದ್ದರಿಂದ ಮೂಲಸಂಖ್ಯೆಗೆ 243 ಭಾಜಕಗಳು. ಸಾಹುಕಾರರು ಅದನ್ನು ಕಂಡು, ಇಷ್ಟು ದೊಡ್ಡ ಬಾಕಿ ಯಾವ ರೈತನದೆಂದು ಗಾಬರಿಯಾದರು!

ಆ ಸಂಖ್ಯೆಯ ಅಪವರ್ತನಗಳಲ್ಲಿ 37ರ ವರ್ಗವನ್ನು ಬಿಟ್ಟು ಉಳಿದವನ್ನು ಗುಣಿಸಿದರೆ 3003ರ ವರ್ಗ, ಅಂದರೆ 9018009. ಇದರ ಭಾಜಕಗಳನ್ನು, ಅದನ್ನೇ ಬಿಟ್ಟು, ಕೂಡಿಸಿದರೆ 9017190. ಈ ಮೊತ್ತ ಸಂಖ್ಯೆಗೇ ಸಮವಾಗಿ ಅದು ಪರಿಪೂರ್ಣ ಸಂಖ್ಯೆಯಾಗಲು 819 ಮಾತ್ರ ಕೊರತೆ. 37ರ ವರ್ಗವನ್ನು ಮರಳಿ ಸೇರಿಸಿದೊಡನೆ ಭಾಜಕಗಳ ಮೊತ್ತ ಸಂಖ್ಯೆಯನ್ನೇ ಮೀರಿ 13029870672ಕ್ಕೇರಿ, ಆಚಾರ್ಯನ ಹಾರವು ಅಧಿಕ ಸಂಖ್ಯೆಗಳ ಗುಂಪಿಗೆ ಸೇರಿಬಿಡುತ್ತದೆ. ಇದೇ 9018009ನ್ನು 22021ರಿಂದ ಗುಣಿಸಿ, 22021 ಅವಿಭಾಜ್ಯವೆಂದು ಗಣಿಸಿದರೆ ಬೆಸ ಪರಿಪೂರ್ಣ ಸಂಖ್ಯೆಯೊಂದು ಸಿಕ್ಕಂತಾಗುವುದೆಂದು ಫ್ರಾನ್ಸಿನ ಗಣಿತಜ್ಞ ದೆಕಾರ್ತನು 1638ರಲ್ಲಿ ತನ್ನ ಗೆಳೆಯ ಮೆರ್ಸೆನ್ನನಿಗೆ ಬರೆದನು. ಆದರೆ 22021 ಎಂಬುದು 19ರ ವರ್ಗ ಮತ್ತು 61ರ ಗುಣಲಬ್ಧ. ನಿಜವಾದ ಬೆಸ ಪರಿಪೂರ್ಣ ಸಂಖ್ಯೆ ಇದೆಯೋ ಇಲ್ಲವೋ ಎಂಬುದು ಇಂದಿಗೂ ಯಾರಿಗೂ ತಿಳಿಯದು; ನಿನ್ನ ಯಂತ್ರಕ್ಕೂ ತಿಳಿಯದು.

ಯಂತ್ರವನ್ನು ಕೇಳಿದರೆ ಐದು ಅವಿಭಾಜ್ಯಗಳನ್ನು ಕಕ್ಕುತ್ತದೆ. ನೃಪತುಂಗನ ಕಾಲದ ಹಾರದಲ್ಲೂ ದೆಕಾರ್ತನ ಪತ್ರದಲ್ಲೂ ಅದೇ 3003 ಅಡಗಿರುವುದನ್ನು ಕಾಣುವ ಕಣ್ಣನ್ನು, ಮೂರು ವರ್ಷ ಓದಿಯೂ ನೀನು ಬೆಳೆಸಿಕೊಳ್ಳಲಿಲ್ಲವೆಂದರೆ, ನಿನ್ನ ಪದವಿಯ ಕಾಗದವನ್ನು ಸಂತೆಯಲ್ಲಿ ಪುಟಾಣಿ ಕಟ್ಟಲು ಕೊಡುವುದೇ ಲೇಸು.

ಕಠಿಣವಾಗಿ ಬರೆದೆನೇನೋ. ನೌಕರಿ ಹೀನವಲ್ಲ, ಮನೆಯ ಸಾಲದ ಭಾರವನ್ನು ನಾನೂ ಬಲ್ಲೆ. ಎರಡು ದಾರಿಗಳೂ ನಿನಗೆ ತೆರೆದಿವೆ, ನಿರ್ಣಯ ನಿನ್ನದೇ. ಆದರೂ ಧಾರವಾಡದ ವಿಶ್ವವಿದ್ಯಾಲಯದ ಅರ್ಜಿಯನ್ನು ಮೊದಲು ತುಂಬು. ಶುಲ್ಕದ ಮಾತನ್ನು ನಿನ್ನ ತಾಯಿಯ ಮುಂದೆ ಎತ್ತಬೇಡ. ಗುಮಾಸ್ತಿಕೆ ಬಿಟ್ಟು ಮಾಡಿದ ಮಾಸ್ತರಿಕೆಯ ಪಿಂಚಣಿ ನನಗೊಬ್ಬನಿಗೆ ಬೇಕಾದುದಕ್ಕಿಂತ ಹೆಚ್ಚಿದೆ. ಬರುವ ರವಿವಾರ ಕಿತ್ತೂರಿಗೆ ಬಾ, ಊಟಕ್ಕೆ ಮೊದಲೇ ಬಾ.

ಇತಿ, ನಿನ್ನ ಸೋದರಮಾವ