ಕಟ್ಟಡಗಳಿಗೆ ಕಡ್ಡಾಯ ಪಾರ್ಕಿಂಗ್ ನಿಯಮ ಮತ್ತು ನಮ್ಮ ಪೇಟೆಗಳ ವ್ಯಾಪಾರ: ಒಂದು ಅಧ್ಯಯನ

ನಮ್ಮ ಜಿಲ್ಲೆಯಲ್ಲಿ ವರ್ತಕರು ಸೇರಿದೆಡೆಯೆಲ್ಲ ಕೇಳಿಬರುವ ದೂರುಗಳಲ್ಲಿ ವಾಹನ ನಿಲುಗಡೆಯದು ಪ್ರಮುಖವಾದುದು. ಚಿತ್ರದುರ್ಗದ ಬಿ.ಡಿ. ರಸ್ತೆ, ಲಕ್ಷ್ಮೀ ಬಜಾರ್, ಸಂತೆಪೇಟೆಗಳಲ್ಲಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮುಖ್ಯ ಬೀದಿಗಳಲ್ಲಾಗಲಿ, ವಾಹನ ನಿಲ್ಲಿಸಲು ಜಾಗ ಸಿಗದ ಗಿರಾಕಿಯು ಅಂಗಡಿಯನ್ನು ದಾಟಿ ಮುಂದೆ ಸಾಗುವುದು ನಿತ್ಯದ ದೃಶ್ಯವಾಗಿದೆ. ಇದಕ್ಕೆ ಸಾಮಾನ್ಯವಾಗಿ ಎರಡು ಪರಿಹಾರಗಳನ್ನು ಸೂಚಿಸಲಾಗುತ್ತದೆ. ಒಂದು, ರಸ್ತೆಯನ್ನು ಅಗಲಗೊಳಿಸುವುದು. ಇನ್ನೊಂದು, ಪ್ರತಿ ಕಟ್ಟಡದ ಮಾಲೀಕನೂ ತನ್ನ ನಿವೇಶನದೊಳಗೇ ಪಾರ್ಕಿಂಗ್ ಒದಗಿಸಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವುದು. ಎರಡರ ಹೊರೆಯೂ ಬೀಳುವುದು ಅಂಗಡಿಯ ನೆಲದ ಮೇಲೆಯೇ. ಆದುದರಿಂದ ಈ ಎರಡನೆಯ ನಿಯಮವು ತಾನು ಹೇಳಿದ ಕೆಲಸವನ್ನು ನಿಜವಾಗಿ ಮಾಡುತ್ತದೆಯೇ ಎಂಬುದನ್ನು ಲೆಕ್ಕ ಸಹಿತ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಿಯಮದ ಹಿನ್ನೆಲೆ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1961ರ ಅನ್ವಯ ಯೋಜನಾ ಪ್ರಾಧಿಕಾರಗಳು ಮಹಾಯೋಜನೆಯನ್ನೂ ಅದರ ಅಂಗವಾಗಿ ವಲಯ ನಿಯಮಾವಳಿಯನ್ನೂ ರಚಿಸುತ್ತವೆ. ಕಟ್ಟಡ ಕಟ್ಟಲು ಪರವಾನಗಿ ನೀಡುವುದು ಸ್ಥಳೀಯ ಸಂಸ್ಥೆಯ ಕೆಲಸ. ಯಾವ ಬಗೆಯ ಕಟ್ಟಡಕ್ಕೆ ಎಷ್ಟು ವಾಹನಗಳ ಜಾಗ ಇರಬೇಕೆಂಬ ಕೋಷ್ಟಕ ಈ ನಿಯಮಾವಳಿ ಹಾಗೂ ಕಟ್ಟಡ ಉಪವಿಧಿಗಳಲ್ಲಿ ಇರುತ್ತದೆ.

ಉದಾಹರಣೆಗೆ, 2007ರಲ್ಲಿ ಜಾರಿಗೆ ಬಂದ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ 2015ರ ವಲಯ ನಿಯಮಾವಳಿಯು ಚಿಲ್ಲರೆ ಅಂಗಡಿಗಳಿಗೆ ಪ್ರತಿ 50 ಚದರ ಮೀಟರು ನೆಲಪ್ರದೇಶಕ್ಕೆ ಒಂದು ಕಾರಿನ ಜಾಗವನ್ನು ವಿಧಿಸಿತು. ಒಂದು ಕಾರು ನಿಲ್ಲಲು, ತಿರುಗಿ ಹೊರಬರಲು ಎಷ್ಟು ನೆಲ ಬೇಕೆಂಬುದಕ್ಕೆ ಅದೇ ವರ್ಷ ಪ್ರಕಟವಾದ ದೆಹಲಿ ಮಹಾಯೋಜನೆ 2021 ಅಂಗೀಕರಿಸಿದ ಅಳತೆ ಹೀಗಿದೆ: ಬಯಲಿನಲ್ಲಿ 23 ಚ.ಮೀ., ಕಟ್ಟಡದ ನೆಲ ಅಂತಸ್ತಿನಲ್ಲಿ 28 ಚ.ಮೀ., ನೆಲಮಾಳಿಗೆಯಲ್ಲಿ 32 ಚ.ಮೀ. ಊರಿಂದೂರಿಗೆ ಅಂಕಿಗಳು ವ್ಯತ್ಯಾಸವಾಗಬಹುದು. ಆದರೆ ನಿಯಮದ ತತ್ತ್ವ ಒಂದೇ: ಪಾರ್ಕಿಂಗ್ ಬೇಡಿಕೆಯನ್ನು ಅಂಗಡಿಯ ಅಳತೆಯಿಂದ ನಿರ್ಧರಿಸುವುದು, ಅದನ್ನು ಪ್ರತಿ ಮಾಲೀಕನಿಂದ ಪ್ರತ್ಯೇಕವಾಗಿ ವಸೂಲು ಮಾಡುವುದು.

ಒಂದು ನಿವೇಶನದ ಲೆಕ್ಕ

ನಮ್ಮ ಊರುಗಳಲ್ಲಿ ಸಾಮಾನ್ಯವಾದ 30×40 ಅಡಿ ನಿವೇಶನವನ್ನು ತೆಗೆದುಕೊಳ್ಳೋಣ. ಅದರ ವಿಸ್ತೀರ್ಣ 1,200 ಚದರಡಿ, ಅಂದರೆ ಸುಮಾರು 111.5 ಚ.ಮೀ. ಮಾಲೀಕನು ಕೆಳಗೆ 75, ಮೇಲೆ 75, ಒಟ್ಟು 150 ಚ.ಮೀ. ಮಳಿಗೆ ಕಟ್ಟಬೇಕೆಂದಿದ್ದಾನೆ. ಮೇಲ್ಕಂಡ ಬೆಂಗಳೂರಿನ ದರವನ್ನೇ ಹಿಡಿದರೆ ಅವನು 3 ಕಾರುಗಳಿಗೆ ಜಾಗ ಬಿಡಬೇಕು. ಬಯಲಿನಲ್ಲಿ ಬಿಟ್ಟರೆ 69 ಚ.ಮೀ. ಬೇಕು. ಕಟ್ಟಡದ 75 ಚ.ಮೀ. ಸೇರಿಸಿದರೆ 144 ಚ.ಮೀ. ಆಗುತ್ತದೆ. ಇರುವ ನಿವೇಶನವೇ 111.5 ಚ.ಮೀ.

ನೆಲಮಾಳಿಗೆ ಮಾಡಬಹುದಲ್ಲವೇ ಎಂದು ಕೇಳಬಹುದು. ಎಂಟು ಅಡಿ ಉದ್ದಕ್ಕೆ ಒಂದು ಅಡಿಯಂತೆ ಇಳಿಜಾರು ಇಟ್ಟರೂ ಎಂಟು ಅಡಿ ಆಳಕ್ಕೆ ಇಳಿಯಲು 64 ಅಡಿ ಉದ್ದದ ದಾರಿ ಬೇಕು. ನಿವೇಶನದ ಉದ್ದ 40 ಅಡಿ ಮಾತ್ರ. ಹೀಗಾಗಿ ಚಿಕ್ಕ ನಿವೇಶನದ ಮಾಲೀಕನ ಮುಂದೆ ಉಳಿಯುವ ದಾರಿಗಳು ಮೂರು: ಕಟ್ಟುವುದನ್ನೇ ಕೈಬಿಡುವುದು, ವ್ಯಾಪಾರಕ್ಕೆ ಅತಿ ಯೋಗ್ಯವಾದ ನೆಲ ಅಂತಸ್ತನ್ನು ಕಾರಿಗೆ ಬಿಟ್ಟು ಅಂಗಡಿಯನ್ನು ಮೇಲೇರಿಸುವುದು, ಅಥವಾ ನಕ್ಷೆಯಲ್ಲಿ ಪಾರ್ಕಿಂಗ್ ಎಂದು ತೋರಿಸಿ, ಪರವಾನಗಿ ಬಂದ ಮೇಲೆ ಅಲ್ಲಿಯೇ ಶಟರ್ ಹಾಕಿಸುವುದು. ಮೂರನೆಯದೇ ಹೆಚ್ಚು ನಡೆಯುತ್ತಿರುವುದು ಎಲ್ಲರಿಗೂ ತಿಳಿದ ಸಂಗತಿ. ಅದರ ಫಲವಾಗಿ ಪ್ರಾಮಾಣಿಕ ವರ್ತಕನು ವರ್ಷಗಟ್ಟಲೆ ನೋಟಿಸಿನ ಭಯದಲ್ಲಿ ವ್ಯಾಪಾರ ಮಾಡಬೇಕಾಗುತ್ತದೆ; ರಸ್ತೆಗೆ ಒಂದು ಕಾರಿನ ಜಾಗವೂ ದೊರೆಯುವುದಿಲ್ಲ.

ಹಣದ ಲೆಕ್ಕವನ್ನೂ ನೋಡಬೇಕು. 23 ಚ.ಮೀ. ಎಂದರೆ ಸುಮಾರು 248 ಚದರಡಿ. ನಿವೇಶನದ ಬೆಲೆ ಚದರಡಿಗೆ 3,000 ರೂ. ಎಂದು ಕೇವಲ ಉದಾಹರಣೆಗಾಗಿ ಹಿಡಿದರೆ ಒಂದು ಕಾರಿನ ಜಾಗದ ಬೆಲೆ 7.44 ಲಕ್ಷ ರೂ. ಸದಸ್ಯರು ತಮ್ಮ ಬೀದಿಯ ದರ ಹಾಕಿ ಈ ಲೆಕ್ಕವನ್ನು ಮಾಡಿಕೊಳ್ಳಬಹುದು. ಈ ವೆಚ್ಚ ಬಾಡಿಗೆಯಲ್ಲಿ ಸೇರುತ್ತದೆ. ಬಾಡಿಗೆ ಸರಕಿನ ಬೆಲೆಯಲ್ಲಿ ಸೇರುತ್ತದೆ. ಹಳ್ಳಿಯಿಂದ ಬಸ್ಸಿನಲ್ಲಿ ಬಂದ ಗಿರಾಕಿಯೂ ಕಾಣದ ಕಾರಿನ ಜಾಗಕ್ಕೆ ಹಣ ತೆತ್ತಂತಾಗುತ್ತದೆ.

ಒಂದು ಬೀದಿಯ ಲೆಕ್ಕ

ಈಗ ನಿವೇಶನದಿಂದ ಬೀದಿಗೆ ಬರೋಣ. ಬೀದಿಯ ಒಂದು ಬದಿಯ 100 ಮೀಟರು ಉದ್ದವನ್ನು ಪರಿಗಣಿಸಿರಿ. ಕಾರುಗಳನ್ನು ರಸ್ತೆಗೆ ಸಮಾನಾಂತರವಾಗಿ ನಿಲ್ಲಿಸಿದರೆ, ತಲಾ 6 ಮೀಟರಿನಂತೆ 16 ಕಾರುಗಳು ಹಿಡಿಯುತ್ತವೆ. ದ್ವಿಚಕ್ರ ವಾಹನಗಳನ್ನು ಅಡ್ಡಲಾಗಿ, ತಲಾ ಒಂದು ಮೀಟರಿನಂತೆ ಸಾಲಾಗಿ ನಿಲ್ಲಿಸಿದರೆ 100 ಹಿಡಿಯುತ್ತವೆ. ಗಿರಾಕಿಗಳಲ್ಲಿ ಬಹುಮಂದಿ ಬೈಕು, ಸ್ಕೂಟರುಗಳಲ್ಲಿ ಬರುವ ನಮ್ಮ ಊರುಗಳಲ್ಲಿ ಕಾರನ್ನೇ ಮಾನದಂಡವಾಗಿಸಿಕೊಂಡ ಕೋಷ್ಟಕ ವಾಸ್ತವಕ್ಕೆ ದೂರವಾದುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಆದರೆ ಇದಕ್ಕಿಂತಲೂ ಮುಖ್ಯವಾದ ಅಂಶವೊಂದಿದೆ. ಹತ್ತು ಅಡಿ ಅಗಲದ ಅಂಗಡಿಗಳು ಸಾಲಾಗಿದ್ದರೆ ಆ 100 ಮೀಟರಿನಲ್ಲಿ ಸುಮಾರು 33 ಅಂಗಡಿಗಳಿರುತ್ತವೆ. ಪ್ರತಿ ಅಂಗಡಿಯ ಮಾಲೀಕರದೊಂದು, ಕೆಲಸದವರದೊಂದು ಬೈಕು ಬೆಳಗ್ಗೆ ಹತ್ತಕ್ಕೆ ಬಂದು ರಾತ್ರಿ ಎಂಟರವರೆಗೆ ಅಂಗಡಿಯ ಮುಂದೆಯೇ ನಿಂತರೆ 66 ಜಾಗಗಳು ಭರ್ತಿಯಾಗುತ್ತವೆ. ಮೊದಲ ಗಿರಾಕಿ ಬರುವ ಮುನ್ನವೇ ಬೀದಿಯ ಮೂರನೆಯ ಎರಡು ಭಾಗವನ್ನು ನಾವೇ ತುಂಬಿಸಿರುತ್ತೇವೆ. ಅದೇ ಜಾಗದಲ್ಲಿ ಗಿರಾಕಿಯೊಬ್ಬ ಸರಾಸರಿ ಅರ್ಧ ಗಂಟೆ ನಿಂತು ಹೋದರೆ ಹತ್ತು ಗಂಟೆಗಳಲ್ಲಿ ಒಂದೊಂದು ಜಾಗವೂ 20 ಗಿರಾಕಿಗಳಿಗೆ ಒದಗಬಲ್ಲದು. ಕೊರತೆ ಇರುವುದು ಜಾಗದ್ದಲ್ಲ, ಜಾಗ ಕೈಬದಲಾಗುವುದರದ್ದು ಎಂಬುದು ಈ ಅಧ್ಯಯನದ ಮುಖ್ಯ ನಿರ್ಣಯ. ಜಾಗ ಕೈಬದಲಾಗದಿದ್ದಲ್ಲಿ, ಅಂಗಡಿಗಳ ಮುಂಭಾಗ ಒಡೆದು ಅಗಲಗೊಳಿಸಿದ ರಸ್ತೆಯೂ ಕೆಲವೇ ದಿನಗಳಲ್ಲಿ ಪುಕ್ಕಟೆ ನಿಲ್ದಾಣವಾಗಿ ಪರಿಣಮಿಸುತ್ತದೆ.

ಬೇರೆಡೆಯ ಅನುಭವ

ಈ ವಿಷಯವನ್ನು ಆಳವಾಗಿ ಅಭ್ಯಸಿಸಿದವರಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಡೊನಾಲ್ಡ್ ಶೂಪ್ ಪ್ರಮುಖರು. 2025ರಲ್ಲಿ ನಿಧನರಾದ ಅವರು, ಪುಕ್ಕಟೆ ಪಾರ್ಕಿಂಗ್‌ನ ನಿಜವಾದ ಬೆಲೆಯನ್ನು ಕುರಿತು 2005ರಲ್ಲಿ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಅವರ ಸಲಹೆಗಳು ಮೂರು: ಕಡ್ಡಾಯ ಪಾರ್ಕಿಂಗ್ ನಿಯಮವನ್ನು ತೆಗೆಯುವುದು, ಬೀದಿಬದಿಯ ಜಾಗಕ್ಕೆ ಬೇಡಿಕೆಗೆ ತಕ್ಕ ಶುಲ್ಕ ವಿಧಿಸುವುದು, ಸಂಗ್ರಹವಾದ ಹಣವನ್ನು ಅದೇ ಬೀದಿಯ ಸುಧಾರಣೆಗೆ ಬಳಸುವುದು. ನೂರಕ್ಕೆ ಸುಮಾರು 85 ಜಾಗಗಳು ತುಂಬಿ, ಉಳಿದವು ಯಾವಾಗಲೂ ಖಾಲಿ ಸಿಗುವಂತಿರುವ ಶುಲ್ಕವೇ ಸರಿಯಾದ ಶುಲ್ಕವೆಂಬುದು ಅವರ ಸೂತ್ರ.

ವರ್ತಕರಿಗೆ ಹೆಚ್ಚು ಉಪಯುಕ್ತವಾದುದು ಕ್ಯಾಲಿಫೋರ್ನಿಯಾದ ಪ್ಯಾಸಡೀನ ನಗರದ ಉದಾಹರಣೆ. ಅಲ್ಲಿನ ಹಳೆಯ ಪೇಟೆಯು ಕಳೆಗುಂದಿತ್ತು. ಪುಕ್ಕಟೆಯಾಗಿದ್ದ ಬೀದಿಬದಿಯ ಜಾಗಗಳಲ್ಲಿ ಅಂಗಡಿಗಳ ಕೆಲಸಗಾರರೇ ತಮ್ಮ ಕಾರುಗಳನ್ನು ನಿಲ್ಲಿಸುತ್ತಿದ್ದರು. ಶುಲ್ಕದ ಮೀಟರು ಹಾಕುವ ಪ್ರಸ್ತಾಪಕ್ಕೆ ವರ್ತಕರು ಮೊದಲು ವಿರೋಧ ವ್ಯಕ್ತಪಡಿಸಿದರು. ಸಂಗ್ರಹವಾಗುವ ಹಣವನ್ನೆಲ್ಲ ಆ ಪೇಟೆಗೇ ವಿನಿಯೋಗಿಸುವುದಾಗಿ ನಗರಾಡಳಿತ ಒಪ್ಪಿದ ಮೇಲೆ 1993ರಲ್ಲಿ ಗಂಟೆಗೆ ಒಂದು ಡಾಲರಿನ ಮೀಟರುಗಳು ಬಂದವು. ಆ ಹಣದಿಂದ ಪಾದಚಾರಿ ಮಾರ್ಗ, ದೀಪ, ಮರ, ಶುಚಿತ್ವದ ವ್ಯವಸ್ಥೆಗಳಾದವು. ಪೇಟೆ ಮತ್ತೆ ಚೇತರಿಸಿಕೊಂಡಿತು.

ಕಡ್ಡಾಯ ನಿಯಮವನ್ನು ಕೈಬಿಟ್ಟ ಊರುಗಳೂ ಇವೆ. ಲಂಡನ್ 2004ರಲ್ಲಿ ಕನಿಷ್ಠ ಪಾರ್ಕಿಂಗ್‌ಗೆ ಬದಲು ಗರಿಷ್ಠ ಮಿತಿಯನ್ನು ಗೊತ್ತುಪಡಿಸಿತು. ಅಮೆರಿಕದ ಬಫಲೋ ನಗರ 2017ರಲ್ಲಿ ಇಡೀ ಊರಿಗೆ ಕನಿಷ್ಠ ನಿಯಮವನ್ನು ರದ್ದುಗೊಳಿಸಿತು. ಆ ಬಳಿಕ ಪಾರ್ಕಿಂಗ್ ಕಟ್ಟುವುದು ನಿಂತುಹೋಗಲಿಲ್ಲ. ತಮಗೆ ಬೇಕಾದಷ್ಟನ್ನು ಮಾತ್ರ ಕಟ್ಟಡದವರು ಕಟ್ಟತೊಡಗಿದರು. ಜಪಾನಿನಲ್ಲಿ 1962ರಿಂದ ಬೇರೊಂದು ಕ್ರಮವಿದೆ: ಕಾರು ಕೊಳ್ಳುವವನೇ ಅದನ್ನು ಇರಿಸಲು ಜಾಗವಿದೆಯೆಂದು ಪ್ರಮಾಣಪತ್ರ ತರಬೇಕು. ಹೊಣೆ ಅಂಗಡಿಯವನದಲ್ಲ, ಕಾರಿನವನದು.

ನಮ್ಮ ದೇಶದಲ್ಲಿಯೂ ಚಿಂತನೆ ಈ ದಿಕ್ಕಿಗೆ ಹೊರಳಿದೆ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಪಾರ್ಕಿಂಗ್ ಶುಲ್ಕ ನೆಲದ ನಿಜವಾದ ಬೆಲೆಯನ್ನು ಪ್ರತಿಬಿಂಬಿಸಬೇಕೆಂದು ಹೇಳಿತು. ಬೆಂಗಳೂರಿಗಾಗಿ ರಾಜ್ಯದ ನಗರ ಭೂ ಸಾರಿಗೆ ನಿರ್ದೇಶನಾಲಯ ಸಿದ್ಧಪಡಿಸಿದ ಪಾರ್ಕಿಂಗ್ ನೀತಿ 2.0ಕ್ಕೆ 2021ರಲ್ಲಿ ಸರ್ಕಾರದ ಅನುಮೋದನೆ ದೊರೆಯಿತು. ಪುಕ್ಕಟೆ ಪಾರ್ಕಿಂಗ್‌ನಿಂದ ಶುಲ್ಕದ ಪಾರ್ಕಿಂಗ್‌ಗೆ ಸಾಗುವುದು ಅದರ ಆಶಯಗಳಲ್ಲೊಂದು. ಕೇವಲ ಕಟ್ಟಡ ಕಟ್ಟುವುದರಿಂದ ಸಮಸ್ಯೆ ಬಗೆಹರಿಯದೆಂಬುದಕ್ಕೂ ಬೆಂಗಳೂರೇ ನಿದರ್ಶನ. ಫ್ರೀಡಂ ಪಾರ್ಕ್ ಬಳಿ ಐನೂರಕ್ಕೂ ಹೆಚ್ಚು ಕಾರುಗಳಿಗಾಗಿ 2024ರಲ್ಲಿ ತೆರೆದ ಬಹುಮಹಡಿ ನಿಲುಗಡೆ ಕಟ್ಟಡಕ್ಕೆ ಆರಂಭದಲ್ಲಿ ನಿರೀಕ್ಷಿಸಿದಷ್ಟು ವಾಹನಗಳು ಬರಲಿಲ್ಲ. ಸುತ್ತಲಿನ ಬೀದಿಯಲ್ಲಿ ಪುಕ್ಕಟೆ ಜಾಗವಿರುವಾಗ ಹಣ ಕೊಟ್ಟು ಮಹಡಿ ಏರುವವರು ಕಡಿಮೆ.

ನಮ್ಮ ಊರುಗಳಿಗೆ ಹೊಂದುವ ಕ್ರಮಗಳು

ಕೋಟೆಯ ಮಗ್ಗುಲಲ್ಲಿ, ಕಾರು ಕಾಣುವ ಮುನ್ನವೇ ಬೆಳೆದ ದೊಡ್ಡಪೇಟೆ, ಚಿಕ್ಕಪೇಟೆಗಳಿಗೂ, ಹೆದ್ದಾರಿಯ ಬದಿಯ ಹೊಸ ಬಡಾವಣೆಗಳಿಗೂ ಒಂದೇ ಕೋಷ್ಟಕ ಹೊಂದಲಾರದು. ಆದುದರಿಂದ ಈ ಕೆಳಕಂಡ ಕ್ರಮಗಳನ್ನು ಪರಿಶೀಲನೆಗೆ ಮುಂದಿಡಲಾಗಿದೆ.

1. ಹಳೆಯ ಪೇಟೆ ಪ್ರದೇಶದ ಚಿಕ್ಕ ನಿವೇಶನಗಳಿಗೆ ಕಡ್ಡಾಯ ಕಾರು ಪಾರ್ಕಿಂಗ್‌ನಿಂದ ವಿನಾಯಿತಿ ನೀಡಬೇಕು. ಕಲ್ಯಾಣ ಮಂಟಪ, ಚಿತ್ರಮಂದಿರ, ದೊಡ್ಡ ಆಸ್ಪತ್ರೆಗಳಂತಹ, ಒಮ್ಮೆಗೇ ನೂರಾರು ವಾಹನಗಳನ್ನು ಸೆಳೆಯುವ ಕಟ್ಟಡಗಳಿಗೆ ಈ ವಿನಾಯಿತಿ ಸಲ್ಲದು.

2. ಇರುವ ಬಯಲುಗಳನ್ನು ಹಂಚಿಕೊಂಡು ಬಳಸಬೇಕು. ಕಚೇರಿಯ ಆವರಣ ಸಂಜೆ ಖಾಲಿ, ಕಲ್ಯಾಣ ಮಂಟಪದ ಅಂಗಳ ಲಗ್ನವಿಲ್ಲದ ದಿನಗಳಲ್ಲಿ ಖಾಲಿ. ಬಾಡಿಗೆಯ ಒಪ್ಪಂದದ ಮೇಲೆ ಇವನ್ನು ಮಾಲೀಕರ, ಕೆಲಸದವರ ವಾಹನಗಳಿಗೆ ಪಡೆಯಬಹುದು.

3. ಮುಖ್ಯ ಬೀದಿಗಳಲ್ಲಿ ಬಿಳಿ ಗೆರೆ ಎಳೆದು ಬೈಕು, ಕಾರು, ಆಟೋಗಳಿಗೆ ಪ್ರತ್ಯೇಕ ಜಾಗ ಗುರುತಿಸಿ ಗಂಟೆಯ ಲೆಕ್ಕದಲ್ಲಿ ಶುಲ್ಕ ವಿಧಿಸಬೇಕು. ಮೋಟಾರು ವಾಹನ ಕಾಯಿದೆ, 1988ರ 117ನೆಯ ಪ್ರಕರಣವು ಸ್ಥಳೀಯ ಸಂಸ್ಥೆಯೊಡನೆ ಸಮಾಲೋಚಿಸಿ ನಿಲುಗಡೆ ಸ್ಥಳಗಳನ್ನು ಗೊತ್ತುಪಡಿಸಲು ಅವಕಾಶ ನೀಡುತ್ತದೆ.

4. ಸರಕು ಇಳಿಸುವ ಲಾರಿ, ಗೂಡ್ಸ್ ಆಟೋಗಳಿಗೆ ನಿರ್ದಿಷ್ಟ ಸ್ಥಳ ಮತ್ತು ಬೆಳಗಿನ ನಿರ್ದಿಷ್ಟ ಸಮಯ ಇರಬೇಕು. ಅಡಿಕೆ, ಕೊಬ್ಬರಿ, ದಿನಸಿಗಳ ಸಗಟು ವ್ಯಾಪಾರ ನಡೆಯುವೆಡೆ ಹಮಾಲರೊಡನೆಯೂ ಚರ್ಚಿಸಿ ಸಮಯ ನಿಗದಿಮಾಡುವುದು ಒಳಿತು.

5. ಬೀದಿಬದಿ ವ್ಯಾಪಾರಿಗಳ ಹಕ್ಕನ್ನು 2014ರ ಕಾಯಿದೆ ರಕ್ಷಿಸಿದೆ. ಆದ್ದರಿಂದ ಗೆರೆ ಎಳೆಯುವಾಗ ಪಟ್ಟಣ ವ್ಯಾಪಾರ ಸಮಿತಿಯನ್ನು ಒಳಗೊಳ್ಳಬೇಕು.

6. ಶುಲ್ಕದ ಹಣಕ್ಕೆ ಬೀದಿವಾರು ಪ್ರತ್ಯೇಕ ಖಾತೆ ಇರಿಸಿ, ಅದನ್ನು ಆ ಬೀದಿಯ ಚರಂಡಿ, ದೀಪ, ಪಾದಚಾರಿ ಮಾರ್ಗ, ಶೌಚಾಲಯಗಳಿಗೇ ಬಳಸುವಂತೆ ನಿರ್ಣಯವಾಗಬೇಕು. ಮೇಲೆ ಹೇಳಿದ 100 ಮೀಟರಿನಲ್ಲಿ 60 ಬೈಕಿನ ಜಾಗಗಳು ಸದಾ ತುಂಬಿ, ಗಂಟೆಗೆ 5 ರೂ.ನಂತೆ ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ ವಸೂಲಾದರೆ 78,000 ರೂ. ಆಗುತ್ತದೆ. ವಸೂಲಿಯ ಖರ್ಚು ಕಳೆದು ಉಳಿಯುವುದೂ ಒಂದು ಬೀದಿಗೆ ಚಿಕ್ಕ ಮೊತ್ತವಲ್ಲ.

ಎರಡು ಆಕ್ಷೇಪಣೆಗಳು

ಶುಲ್ಕ ಹಾಕಿದರೆ ಗಿರಾಕಿ ಬೇರೆ ಪೇಟೆಗೆ ಹೋಗುವನೆಂಬುದು ಮೊದಲನೆಯ ಆತಂಕ. ಐದು ರೂಪಾಯಿಗೆ ಹಿಂಜರಿಯುವ ಗಿರಾಕಿಗಿಂತ, ಮೂರು ಸುತ್ತು ಹೊಡೆದೂ ಜಾಗ ಸಿಗದೆ ಹೋದ ಗಿರಾಕಿಯಿಂದಾಗುವ ನಷ್ಟ ದೊಡ್ಡದು. ಆದರೆ ಅವನು ಒಳಗೆ ಬಾರದೆಯೇ ಹೋದ ಕಾರಣ ನಮ್ಮ ಲೆಕ್ಕದ ಪುಸ್ತಕದಲ್ಲಿ ಕಾಣಿಸುವುದಿಲ್ಲ. ವಸೂಲಿ ಗುತ್ತಿಗೆದಾರರ ಕೈಸೇರಿ ಬೀದಿಗೆ ಏನೂ ಬಾರದೆಂಬುದು ಎರಡನೆಯದು. ಈ ಆತಂಕ ನ್ಯಾಯವಾದುದೇ. ಆದ್ದರಿಂದಲೇ ಖಾತೆಯ ನಿರ್ಣಯ ಮೊದಲು ಆಗಬೇಕು, ಶುಲ್ಕ ಆಮೇಲೆ ಬರಬೇಕು. ತಿಂಗಳ ಜಮಾ-ಖರ್ಚನ್ನು ಬೀದಿಯಲ್ಲೇ ಫಲಕದ ಮೇಲೆ ಬರೆಯಬೇಕು.

ಸದಸ್ಯರು ಮಾಡಬಹುದಾದುದು

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು 1961ರ ಕಾಯಿದೆ ಹೇಳುತ್ತದೆ. ಕರಡು ಪ್ರಕಟವಾದಾಗ ಸಾರ್ವಜನಿಕರು ಸಲಹೆ, ಆಕ್ಷೇಪಣೆಗಳನ್ನು ಸಲ್ಲಿಸಬಹುದು. ಆ ಸಮಯದಲ್ಲಿ ಬರಿಯ ದೂರಿಗಿಂತ ಅಂಕಿಅಂಶಕ್ಕೆ ಹೆಚ್ಚು ಬೆಲೆ. ಪ್ರತಿ ಬೀದಿಯ ವರ್ತಕರು ಒಂದು ಸಂತೆಯ ದಿನ, ಒಂದು ಸಾಮಾನ್ಯ ದಿನ ಆರಿಸಿಕೊಂಡು ಬೆಳಗ್ಗೆ 10, ಮಧ್ಯಾಹ್ನ 1, ಸಂಜೆ 6 ಗಂಟೆಗೆ ನಿಂತಿರುವ ವಾಹನಗಳ ಕೊನೆಯ ನಾಲ್ಕು ಅಂಕಿಗಳನ್ನು ಬರೆದಿಟ್ಟುಕೊಳ್ಳಲಿ. ಮೂರು ಪಟ್ಟಿಗಳಲ್ಲೂ ಇರುವ ಅಂಕಿಗಳು ದಿನವಿಡೀ ಕದಲದ ವಾಹನಗಳು. ಅವುಗಳಲ್ಲಿ ಎಷ್ಟು ನಮ್ಮವೇ ಎಂಬುದನ್ನು ಪ್ರಾಮಾಣಿಕವಾಗಿ ಗುರುತಿಸಿದರೆ ಸಮಸ್ಯೆಯ ಗಾತ್ರ ತಿಳಿಯುತ್ತದೆ.

ಕಾಯಿದೆ ಬದಲಾಗಲು ಕಾಲ ಬೇಕು. ನಮ್ಮ ವಾಹನವನ್ನು ಅಂಗಡಿಯ ಮುಂದಿನಿಂದ ನೂರು ಹೆಜ್ಜೆ ಆಚೆಗೆ ನಿಲ್ಲಿಸಲು ಯಾರ ಆದೇಶವೂ ಬೇಕಿಲ್ಲ. ಒಂದು ಬೀದಿಯವರು ಒಮ್ಮತದಿಂದ ಒಂದು ತಿಂಗಳು ಇದನ್ನು ಪಾಲಿಸಿ, ವ್ಯಾಪಾರದಲ್ಲಾದ ವ್ಯತ್ಯಾಸವನ್ನು ಗಮನಿಸಿದಲ್ಲಿ, ಮುಂದಿನ ಮಾತುಕತೆಗೆ ಅದಕ್ಕಿಂತ ಗಟ್ಟಿಯಾದ ಆಧಾರ ಬೇರೊಂದಿರಲಾರದು.